ಕಪ್ಪು, ಬಿಳಿ ಮತ್ತು ಅಪ್ಪನ ಒಂದೂವರೆ ಎಕರೆ

ಪ್ರತಿ ವರ್ಷ ನಮ್ಮ ಆಫೀಸಿನಲ್ಲಿ ಒಂದು ಪರೀಕ್ಷೆ ಇರುತ್ತೆ. ಲಂಚ ತಡೆ ಮತ್ತು ಅಕ್ರಮ ಹಣ ವರ್ಗಾವಣೆ ತಡೆ ಅಂತ ಅದರ ಹೆಸರು. ನಲವತ್ತು ನಿಮಿಷ ಸ್ಲೈಡು, ಕೊನೆಗೆ ಇಪ್ಪತ್ತು ಪ್ರಶ್ನೆ. ಸಾಫ್ಟ್‌ವೇರ್ ಕಂಪನಿಯಲ್ಲಿರೋ ಬ್ಲಾಗಿಗರಿಗೆಲ್ಲ ಇದು ಗೊತ್ತಿರುತ್ತೆ ಬಿಡಿ. "ಅಧಿಕಾರಿಯೊಬ್ಬರು ನಿಮ್ಮ ಫೈಲು ಬೇಗ ಮುಗಿಸಿಕೊಡಲು ಸಣ್ಣ ಮೊತ್ತ ಕೇಳುತ್ತಾರೆ. ನೀವೇನು ಮಾಡುತ್ತೀರಿ?" ನಾಲ್ಕು ಉತ್ತರದಲ್ಲಿ ಯಾವುದು ಎಲ್ಲಕ್ಕಿಂತ ಉದ್ದ ಇದೆಯೋ ಅದೇ ಸರಿ ಉತ್ತರ. ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್... ಸರ್ಟಿಫಿಕೇಟು. ಐದು ವರ್ಷದಿಂದ ನನಗೆ ನೂರಕ್ಕೆ ನೂರು :-)

ಬರದೆ ಏನು ಮಾಡೀತು, ನಾನು ಸಂಬಳ ತಗೊಳ್ಳೋದೇ ಆ ಕೆಲಸಕ್ಕೆ. ಹೊರದೇಶದ ಬ್ಯಾಂಕೊಂದಕ್ಕೆ ಅನುಮಾನದ ವ್ಯವಹಾರ ಹುಡುಕೋ ಸಾಫ್ಟ್‌ವೇರ್ ಬರೆಯೋ ತಂಡದಲ್ಲಿದ್ದೀನಿ. ಯಾರೋ ಒಬ್ಬನ ಖಾತೆಗೆ ಇದ್ದಕ್ಕಿದ್ದ ಹಾಗೆ ನಗದು ಬಂತು, ಮಿತಿಗೆ ಸ್ವಲ್ಪ ಕಡಿಮೆ ಕಡಿಮೆ ಮಾಡಿ ನಾಲ್ಕು ಸಲ ಕಟ್ಟಿದ, ಕಟ್ಟಿದ ವಾರದಲ್ಲೇ ಬೇರೆ ಕಡೆ ಕಳಿಸಿದ ಅಂದ್ರೆ ನಮ್ಮ ಪ್ರೋಗ್ರಾಮು ಕೆಂಪು ದೀಪ ಹಚ್ಚುತ್ತೆ.

ಇಂಥ ನಾನು, ನಮ್ಮೂರ ಕಡೆ ಆಫೀಸೊಂದರಲ್ಲಿ ತಾತನ ಪೌತಿ ಖಾತೆಗೆ ಆರು ಸಾವಿರ ಲಂಚ ಕೊಟ್ಟೆ.

ಊರು ಯಾವುದು ಅಂತ ಕೇಳಬೇಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕರಲ್ಲಿ ಯಾವುದೋ ಒಂದು ಅಂದುಕೊಳ್ಳಿ. ತಾತ ತೀರಿಕೊಂಡು ನಾಲ್ಕು ವರ್ಷವಾದರೂ ಪಹಣಿಯಲ್ಲಿ ಅವರ ಹೆಸರೇ ಇತ್ತು. ವಂಶವೃಕ್ಷ, ಮರಣ ಪ್ರಮಾಣ ಪತ್ರ, ಚಿಕ್ಕಪ್ಪ ಮತ್ತು ಅತ್ತೆಯರ ಸಹಿ ಎಲ್ಲ ಸರಿಯಾಗಿತ್ತು. ಅರ್ಜಿ ಮಾತ್ರ ಕದಲಲಿಲ್ಲ. ಒಂದು ಸಲ ಸರ್ವರ್ ಇಲ್ಲ, ಇನ್ನೊಂದು ಸಲ ಸಾಹೇಬ್ರು ಇಲ್ಲ, ಮತ್ತೊಂದು ಸಲ ಇಬ್ಬರೂ ಇದ್ದಾರೆ ಆದ್ರೆ ಮೂಡ್ ಇಲ್ಲ. ಕೊನೆಗೆ ಪತ್ರ ಬರೆಯೋರೊಬ್ಬರು ಅಪ್ಪನ ಕೈಗೆ ಒಂದು ಚೀಟಿ ಕೊಟ್ಟರು. ಅರ್ಜಿ ಇಷ್ಟು, ಟೈಪಿಂಗ್ ಇಷ್ಟು, ಝೆರಾಕ್ಸ್ ಇಷ್ಟು, ಕೊನೆಯಲ್ಲಿ "ಆಫೀಸ್ ಖರ್ಚು 6,000". ಬೆಂಗಳೂರಲ್ಲಿ ಕೂತು ಫೋನಿನಲ್ಲೇ ಕಳಿಸಿಬಿಟ್ಟೆ. ತಿಂಗಳು ತುಂಬೋದರೊಳಗೆ ಖಾತೆ ಆಯ್ತು. ಅದೇ ತಿಂಗಳು ಆಫೀಸಿನ ಪರೀಕ್ಷೆಯೂ ಇತ್ತು. ನೂರಕ್ಕೆ ನೂರು.

ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಒಂದೇ. ತಪ್ಪು ತಗೊಂಡೋನದು, ನಾನು ಪಾಪದೋನು. ಹಳೇ ಕಾನೂನಿನಲ್ಲಿ ಈ ಮಾತಿಗೆ ಸ್ವಲ್ಪ ಆಸರೆಯೂ ಇತ್ತು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಕೊಡೋನನ್ನ ಕುಮ್ಮಕ್ಕು ಕೊಟ್ಟೋನು ಅಂತ ಹಿಡಿಯಬಹುದಿತ್ತು, ಆದ್ರೆ ಕೊಟ್ಟೆ ಅಂತ ಅವನೇ ಹೇಳಿಕೆ ಕೊಟ್ರೆ ಆ ಹೇಳಿಕೆಯ ಮೇಲೆ ಕೇಸು ಹಾಕೋ ಹಾಗಿರಲಿಲ್ಲ. 2018ರ ಜುಲೈ 26ರಿಂದ ಆ ರಕ್ಷಣೆ ಹೋಯ್ತು. ಈಗ 8ನೇ ಕಲಮು ನೇರವಾಗೇ ಹೇಳುತ್ತೆ. ಲಂಚ ಕೊಟ್ಟವನಿಗೆ, ಕೊಡ್ತೀನಿ ಅಂದವನಿಗೆ ಏಳು ವರ್ಷದವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಮಧ್ಯದ ದಲ್ಲಾಳಿ ಮೂಲಕ ಕೊಟ್ಟೆ, ಕೈಯಾರೆ ಕೊಡಲಿಲ್ಲ ಅನ್ನೋ ನೆಪ ನಡೆಯಲ್ಲ.

ಹಾಗಂತ ಪೂರ್ತಿ ಬಾಗಿಲು ಹಾಕಿಲ್ಲ. ಎರಡು ಬಾಗಿಲು ತೆರೆದಿಟ್ಟಿದ್ದಾರೆ. ಒಂದು, ಕೊಡೋ ಮೊದಲೇ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿ, ಅವರ ಜೊತೆ ಸೇರಿ ಕೊಡೋದು. ಅಂದ್ರೆ ಬಲೆ ಬೀಸೋದು. ಇನ್ನೊಂದು, ಬಲವಂತಕ್ಕೆ ಕೊಡಬೇಕಾಗಿ ಬಂತು ಅಂದ್ರೆ ಕೊಟ್ಟ ಏಳು ದಿನದೊಳಗೆ ಹೋಗಿ ಹೇಳೋದು. ನನ್ನ ಏಳು ದಿನ ಯಾವತ್ತೋ ಮುಗಿದುಹೋಗಿದೆ. ಅಂಥ ಏಳು ದಿನ ಇದೆ ಅಂತ ನನಗೆ ಗೊತ್ತೂ ಇರಲಿಲ್ಲ. ಸ್ಲೈಡಿನಲ್ಲಿ ಇತ್ತೇನೋ. ನೆಕ್ಸ್ಟ್ ಒತ್ತಿದ್ದೆ.

ಇಷ್ಟೇ ಆಗಿದ್ರೆ ಈ ಪೋಸ್ಟು ಬರೀತಿರಲಿಲ್ಲ. ಆರು ಸಾವಿರದ ಕಥೆ ಯಾರ ಮನೇಲಿಲ್ಲ ಹೇಳಿ. ಕಣ್ಣು ತೆರೆಸಿದ್ದು ಅದರ ಮುಂದಿನ ಕಥೆ.

ಖಾತೆ ಅಪ್ಪನ ಹೆಸರಿಗೆ ಬಂದಮೇಲೆ ರಸ್ತೆ ಬದಿಯ ಒಂದೂವರೆ ಎಕರೆ ಮಾರೋದು ಅಂತ ಆಯ್ತು. ತಂಗಿ ಮದುವೆ, ಹೊಗೆಸೊಪ್ಪಿನ ಬ್ಯಾರನ್ನಿಗೆ ಮಾಡಿದ ಸಾಲ, ಎಲ್ಲ ಇತ್ತು. ಬೆಂಗಳೂರಿನಿಂದ ಒಬ್ಬರು ಬಂದು ನೋಡಿದರು. ಬೆಲೆ 45 ಲಕ್ಷಕ್ಕೆ ಕುದುರಿತು. ಅಪ್ಪನ ಮುಖ ನೋಡಬೇಕಿತ್ತು! ಆಮೇಲೆ ದಲ್ಲಾಳಿ ಮೆಲ್ಲಗೆ ಹೇಳಿದ್ರು: "ಪತ್ರದಲ್ಲಿ ಗವರ್ಮೆಂಟ್ ರೇಟು ತೋರಿಸಣ, ಹನ್ನೆರಡು. ಉಳಿದ ಮೂವತ್ತಮೂರು ಕೈಗೆ. ಎಲ್ರೂ ಹಂಗೇ ಮಾಡದು."

ನಿಜ, ಎಲ್ರೂ ಹಂಗೇ ಮಾಡೋದು. ಸರ್ಕಾರದ ಮಾರ್ಗಸೂಚಿ ದರ ಒಂದು, ಊರಿನ ದರ ಇನ್ನೊಂದು. ಮಧ್ಯದ ಗುಂಡಿಯನ್ನ ತುಂಬೋದು ನಗದು. 2023ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ದರ ರಾಜ್ಯದಲ್ಲೆಲ್ಲ ಏರಿತು, ಗುಂಡಿ ಸ್ವಲ್ಪ ಕಿರಿದಾಯ್ತು, ಮುಚ್ಚಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಬರೆದ ಪ್ರೋಗ್ರಾಮಿಗೆ ಅಪ್ಪನ ಪಾಸ್‌ಬುಕ್ ಕೊಟ್ಟರೆ ಅದು ಏನನ್ನುತ್ತೆ ಅಂತ ಯೋಚಿಸಿದೆ. ವರ್ಷಕ್ಕೊಮ್ಮೆ ಹೊಗೆಸೊಪ್ಪಿನ ಹಣ ಬಂದು ಬೀಳೋ ಖಾತೆ. ಅದಕ್ಕೆ ಇದ್ದಕ್ಕಿದ್ದಂತೆ ಒಂಬತ್ತೂವರೆ ಲಕ್ಷ ನಗದು, ಮುಂದಿನ ವಾರ ಇನ್ನೊಂದು ಒಂಬತ್ತೂವರೆ... ಕೆಂಪು, ಕೆಂಪು, ಕೆಂಪು. ಹತ್ತು ಲಕ್ಷ ದಾಟಿದ ನಗದನ್ನ ಬ್ಯಾಂಕು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಮಾಡಲೇಬೇಕು. ಒಂದೇ ತಿಂಗಳಲ್ಲಿ ತುಂಡು ತುಂಡು ಮಾಡಿ ಕಟ್ಟಿದ ಹಣ ಒಟ್ಟು ಸೇರಿ ಹತ್ತು ಲಕ್ಷ ದಾಟಿದ್ರೂ ಅದೇ ನಿಯಮ. ತುಂಡು ಮಾಡಿದ್ರೆ ಗೊತ್ತಾಗಲ್ಲ ಅನ್ನೋದು ನಮ್ಮೂರ ನಂಬಿಕೆ. ತುಂಡು ಮಾಡಿರೋದೇ ಮೊದಲ ಸುಳಿವು ಅನ್ನೋದು ನನ್ನ ದಿನನಿತ್ಯದ ಕೆಲಸ.

ಇಲ್ಲಿ ಆ ಅಕ್ರಮ ಹಣದ ಕಾನೂನಿನ ಬಗ್ಗೆ ನಾಲ್ಕು ಮಾತು ಹೇಳಬೇಕು. 2024ರಲ್ಲಿ ಮೈಸೂರಿನ ಮುಡಾ ಸುದ್ದಿ ಬಂದಮೇಲೆ ನಮ್ಮೂರ ಟೀ ಅಂಗಡಿಯಲ್ಲೂ ಇ.ಡಿ., ಇ.ಡಿ. ಅಂತಾರೆ. ಆದ್ರೆ ಆ ಕಾನೂನು ಏನು ಹೇಳುತ್ತೆ ಅಂತ ಕೇಳಿದ್ರೆ ಇಂಜಿನಿಯರಿಂಗ್ ಓದಿದ ನಾವೂ ತಡವರಿಸ್ತೀವಿ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಬಂದದ್ದು 2002ರಲ್ಲಿ, ಜಾರಿಯಾದದ್ದು 2005ರ ಜುಲೈ 1ಕ್ಕೆ. ಸಾರಾಂಶ ಸರಳ. ಕಾಯ್ದೆಯ ಪಟ್ಟಿಯಲ್ಲಿರೋ ಯಾವುದಾದರೂ ಅಪರಾಧದಿಂದ ಹಣ ಹುಟ್ಟಿರಬೇಕು. ಲಂಚ ಆ ಪಟ್ಟಿಯಲ್ಲಿದೆ. ಆ ಹಣವನ್ನ ಬಚ್ಚಿಡೋದು, ಇಟ್ಟುಕೊಳ್ಳೋದು, ಬಳಸೋದು, ಅದರಿಂದ ಆಸ್ತಿ ಕೊಳ್ಳೋದು, ಇದು ಶುದ್ಧ ಹಣ ಅಂತ ತೋರಿಸೋದು ಎಲ್ಲವೂ ಅಪರಾಧ. ಗೊತ್ತಿದ್ದೂ ಸಹಾಯ ಮಾಡಿದವನೂ ಅದರೊಳಗೇ. ಶಿಕ್ಷೆ ಮೂರರಿಂದ ಏಳು ವರ್ಷ.

ಪಾಠದಲ್ಲಿ ಮೂರು ಹಂತ ಹೇಳ್ತಾರೆ. ನಮ್ಮ ಅವ್ವ ಬಟ್ಟೆ ಒಗೆಯೋದನ್ನ ನೋಡಿದೋರಿಗೆ ಪಾಠ ಬೇಡ. ಮೊದಲು ನೆನೆಸೋದು, ಅಂದ್ರೆ ಕೊಳೆ ದುಡ್ಡನ್ನ ವ್ಯವಹಾರದೊಳಗೆ ಇಳಿಸೋದು. ಆಮೇಲೆ ಕುಕ್ಕಿ ಕುಕ್ಕಿ ಕಲೆ ಎಲ್ಲಿತ್ತು ಅಂತ ಗೊತ್ತಾಗದ ಹಾಗೆ ಮಾಡೋದು, ಅಂದ್ರೆ ಹತ್ತು ಕೈ ದಾಟಿಸೋದು. ಕೊನೆಗೆ ಇಸ್ತ್ರಿ ಹಾಕಿ ಮದುವೆಗೆ ಉಟ್ಟುಕೊಂಡು ಹೋಗೋದು. ಸೈಟು, ತೋಟ, ರೆಸಾರ್ಟು.

ಈಗ ಹೇಳಿ, ಯಾರೋ ಬೆಂಗಳೂರಿನವರ 33 ಲಕ್ಷ ನಗದು ನಮ್ಮ ಒಂದೂವರೆ ಎಕರೆಗೆ ಬಂದು ಬೀಳ್ತಿದ್ರೆ, ಒಗೆಯೋ ಕಲ್ಲು ಯಾವುದು? ನಮ್ಮ ಜಮೀನು.

ಆ ಹಣ ಲಂಚದ್ದೇ ಅಂತ ನಾನು ಹೇಳ್ತಿಲ್ಲ. ಬರೀ ತೆರಿಗೆ ತಪ್ಪಿಸಿದ ದುಡ್ಡೂ ಇರಬಹುದು. ಬರೀ ತೆರಿಗೆ ತಪ್ಪಿಸಿದ್ರೆ ಅದು ಇ.ಡಿ. ಕಾಯ್ದೆಯ ಪಟ್ಟಿಯ ಅಪರಾಧ ಅಲ್ಲ. ಅಪ್ಪನಂಥ ರೈತನಿಗೆ ಅದರ ಮೂಲ ಗೊತ್ತಿಲ್ಲದಿದ್ರೆ ಅವರು 'ಗೊತ್ತಿದ್ದೂ' ಸಹಾಯ ಮಾಡಿದ ಹಾಗೂ ಅಲ್ಲ. ಆದ್ರೆ ನನಗೆ? ದಿನಾ ಅದೇ ಕೆಲಸ ಮಾಡೋ ನನಗೆ ಅನುಮಾನ ಬರಲಿಲ್ಲ ಅಂತ ಹೇಳೋಕೆ ಯಾವ ಮುಖ ಇದೆ?

ಸರಿ, ಧರ್ಮದ ಮಾತು ಪಕ್ಕಕ್ಕಿಡೋಣ. ಅಪ್ಪನ ಹತ್ರ ಧರ್ಮ ಹೇಳಿದ್ರೆ "ಬುಡ್ಲಾ, ನೀನೊಬ್ಬ ಹರಿಶ್ಚಂದ್ರ" ಅಂತಾರೆ. ಲೆಕ್ಕ ಹೇಳಬೇಕು. ಪೆನ್ನು ಹಿಡಿದು ಕೂತೆ.

ಊರಿನ ಕೃಷಿ ಜಮೀನು ಮಾರಿದ್ರೆ ಬಂಡವಾಳ ಲಾಭದ ತೆರಿಗೆಯೇ ಇಲ್ಲ! 10 ಸಾವಿರಕ್ಕಿಂತ ಹೆಚ್ಚು, 1 ಲಕ್ಷದವರೆಗೆ ಜನಸಂಖ್ಯೆ ಇರೋ ಪಟ್ಟಣವಾದ್ರೆ ಅದರ ಗಡಿಯಿಂದ 2 ಕಿಲೋಮೀಟರಿಗಿಂತ ಆಚೆ ಇರಬೇಕು ಅಷ್ಟೆ. ಜನ ಜಾಸ್ತಿ ಇದ್ರೆ ಆ ದೂರ 6, 8 ಅಂತ ಹೆಚ್ಚುತ್ತೆ. ನಮ್ಮದು ಪಟ್ಟಣದಿಂದ ಒಂಬತ್ತು ಕಿಲೋಮೀಟರು. ಅಂದ್ರೆ ಪತ್ರದಲ್ಲಿ 45 ಲಕ್ಷ ಅಂತ ಬರೆದ್ರೂ ಅಪ್ಪನಿಗೆ ಒಂದು ಪೈಸೆ ತೆರಿಗೆ ಇಲ್ಲ, 12 ಲಕ್ಷ ಬರೆದ್ರೂ ಇಲ್ಲ. ಕಡಿಮೆ ಬರೆಸೋದರಿಂದ ಅಪ್ಪನಿಗೆ ಲಾಭ ಸೊನ್ನೆ.

ಲಾಭ ಯಾರಿಗೆ? ಕೊಳ್ಳೋರಿಗೆ. ಸ್ಟ್ಯಾಂಪ್ ಡ್ಯೂಟಿ, ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ದುಪ್ಪಟ್ಟಾದ ನೋಂದಣಿ ಶುಲ್ಕ ಎಲ್ಲ ಸೇರಿ, ಬಚ್ಚಿಟ್ಟ 33 ಲಕ್ಷದ ಮೇಲೆ ಅವರಿಗೆ ಎರಡೂವರೆ ಲಕ್ಷದ ಆಸುಪಾಸು ಉಳಿತಾಯ. ಅದಕ್ಕಿಂತ ಹೆಚ್ಚಾಗಿ, ಲೆಕ್ಕಕ್ಕೆ ಸಿಗದ ದುಡ್ಡಿಗೆ ಒಂದು ಮನೆ ಸಿಕ್ಕಿತು.

ನಷ್ಟ ಯಾರಿಗೆ? ಅಪ್ಪನಿಗೆ. ಹಾಲಿನಂಥ ಬಿಳಿ ಹಣ ಅವರ ಕೈಗೆ ಬರೋ ಹೊತ್ತಿಗೆ ಕಪ್ಪಾಗಿರುತ್ತೆ. ಬ್ಯಾಂಕಿಗೆ ಕಟ್ಟೋ ಹಾಗಿಲ್ಲ. ಕಟ್ಟಿದ್ರೆ ಎಲ್ಲಿಂದ ಬಂತು ಅಂತ ಕೇಳ್ತಾರೆ, ಪತ್ರ ತೋರಿಸಿದ್ರೆ ಅದರಲ್ಲಿ 12 ಅಂತಿದೆ. ವಿವರಣೆ ಇಲ್ಲದ ನಗದಿಗೆ ಭಾರೀ ದರದ ತೆರಿಗೆ. ಇನ್ನೊಂದು ಬಾಂಬು ಕೇಳಿ. 2015ರ ಜೂನ್ 1ರಿಂದ ಸ್ಥಿರಾಸ್ತಿ ಮಾರಾಟಕ್ಕೆ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋ ಹಾಗಿಲ್ಲ. ತಗೊಂಡ್ರೆ ತಗೊಂಡಷ್ಟೇ ಮೊತ್ತ ದಂಡ, ಅದೂ ತಗೊಂಡವನಿಗೆ. ಎರಡೂ ಕಡೆಯವರಿಗೆ ಕೃಷಿ ಆದಾಯ ಇದ್ದು, ಇಬ್ಬರಿಗೂ ತೆರಿಗೆ ಬೀಳೋ ಆದಾಯ ಇಲ್ಲದಿದ್ರೆ ಮಾತ್ರ ವಿನಾಯಿತಿ. ಬೆಂಗಳೂರಿನ ಪಾರ್ಟಿ ಜೊತೆ ಆ ವಿನಾಯಿತಿ ಎಲ್ಲಿ ಬಂತು? 33 ಲಕ್ಷ ತಗೊಂಡದ್ದು ಸಿಕ್ಕಿಬಿದ್ರೆ ದಂಡ 33 ಲಕ್ಷ. ಜಮೀನೂ ಹೋಯ್ತು, ದುಡ್ಡೂ ಹೋಯ್ತು.

ಎಲ್ರೂ ಹಂಗೇ ಮಾಡದು ಅನ್ನೋ ಮಾತನ್ನ ಹುಟ್ಟುಹಾಕಿದೋರು ಕೊಳ್ಳೋರು. ನಂಬಿಕೊಂಡೋರು ಮಾರೋರು. ನನ್ನ ಪ್ರಕಾರ ನಮ್ಮ ತಾಲೂಕುಗಳಲ್ಲಿ ನಡೀತಿರೋ ಅತಿ ದೊಡ್ಡ ಮೋಸ ಇದು. ಇದಕ್ಕೆ ಯಾರೂ ಮೋಸ ಅನ್ನಲ್ಲ, ವ್ಯವಹಾರ ಅಂತಾರೆ.

ನೋವಾಗೋದು ಯಾಕೆ ಗೊತ್ತಾ? ದೇವರಾಜ ಅರಸರ ಊರು ಇದು. ಹುಣಸೂರು ತಾಲೂಕಿನ ಕಲ್ಲಹಳ್ಳಿಯವರು. 1974ರ ಭೂಸುಧಾರಣೆ ತಿದ್ದುಪಡಿ ತಂದು ಉಳೋನ ಹೆಸರನ್ನ ಪಹಣಿಗೆ ಬರೆಸಿದೋರು. ಅದೇ ಕಾನೂನಿನಲ್ಲಿ ರೈತರಲ್ಲದವರು ಕೃಷಿ ಜಮೀನು ಕೊಳ್ಳದ ಹಾಗೆ 79ಎ, 79ಬಿ ಅಂತ ಬೇಲಿಗಳಿದ್ದವು. ಬೇಲಿ ಹಾರೋಕೆ ಊರಿನ ಯಾವನೋ ರೈತನ ಹೆಸರಲ್ಲಿ ಜಮೀನು ಕೊಳ್ಳೋ ರೂಢಿ ಬೆಳೆಯಿತು. ದುಡ್ಡು ಅವರದು, ಹೆಸರು ಇವನದು. 2020ರಲ್ಲಿ ಆ ಬೇಲಿಗಳನ್ನೇ ತೆಗೆದರು. ಆದ್ರೆ ಹೆಸರು ಕೊಡೋ ಅಭ್ಯಾಸ ಹೋಗಲಿಲ್ಲ. ಕಬಿನಿ ಹಿನ್ನೀರಿನ ಸುತ್ತ, ನಾಗರಹೊಳೆ ದಾರಿಯಲ್ಲಿ ಜಮೀನು ಕೇಳಿಕೊಂಡು ಬರೋರಿಗೆ ಇವತ್ತೂ ಒಂದು ಹೆಸರು ಬೇಕು. 2016ರ ನವೆಂಬರ್ 1ರಿಂದ ಬಿಗಿಯಾದ ಬೇನಾಮಿ ಕಾಯ್ದೆಯಲ್ಲಿ ಹೆಸರು ಕೊಟ್ಟ ಬೇನಾಮಿದಾರನಿಗೂ ಒಂದರಿಂದ ಏಳು ವರ್ಷ ಜೈಲಿದೆ, ಮಾರುಕಟ್ಟೆ ಬೆಲೆಯ ಕಾಲು ಭಾಗದವರೆಗೆ ದಂಡ ಇದೆ. ನಮ್ಮವರು "ಬರೀ ಸಹಿ ತಾನೇ" ಅಂತಾರೆ.

ನಗದಿಲ್ಲದೆ ವ್ಯವಹಾರ ಆಗಲ್ಲ ಅನ್ನೋರಿಗೆ ನಾನು ಹೊಗೆಸೊಪ್ಪಿನ ಹರಾಜು ತೋರಿಸ್ತೀನಿ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಮಾರುಕಟ್ಟೆಗಳಿಗೆ ಹೋಗಿ ನೋಡಿ. ತಂಬಾಕು ಮಂಡಳಿ 1976ರಲ್ಲಿ ಶುರುವಾದದ್ದು, ಕರ್ನಾಟಕದಲ್ಲಿ ಅದರ ಹರಾಜು 1984ರಿಂದ ಇದೆ. ಪ್ರತಿ ಬೇಲಿಗೂ ನಂಬರು, ಎಲ್ಲರೆದುರು ಬೆಲೆ, ದುಡ್ಡು ನೇರ ಬೆಳೆಗಾರನ ಖಾತೆಗೆ. ಬೆಲೆ ಸಾಲದು ಅಂತ ಜಗಳ ಆಗುತ್ತೆ, ಹರಾಜು ನಿಲ್ಲುತ್ತೆ, ಅದು ಬೇರೆ ವಿಷಯ. ಆದ್ರೆ ಬೇಲ್ ಒಂದಕ್ಕೆ ಎರಡು ಬೆಲೆ ಅಂತ ಯಾರೂ ಬರೆಯಲ್ಲ. ಮೂರನೇ ಕ್ಲಾಸು ಓದಿದ ನಮ್ಮ ದೊಡ್ಡಪ್ಪ ವರ್ಷವಿಡೀ ಬ್ಯಾಂಕಿನಲ್ಲೇ ವ್ಯವಹಾರ ಮಾಡ್ತಾರೆ. ಅಲ್ಲೂ ಲೈಸೆನ್ಸ್ ಒಬ್ಬರದು ಸೊಪ್ಪು ಇನ್ನೊಬ್ಬರದು ಅನ್ನೋ ಆಟ ಇದೆ, ಸುಳ್ಳು ಹೇಳಲ್ಲ. ಹೆಸರು ಕೊಡೋ ರೋಗ ಅಲ್ಲೂ ಅಂಟಿದೆ. ಆದ್ರೂ ದುಡ್ಡಿನ ದಾರಿ ಕಾಣುತ್ತೆ.

ಇನ್ನು ಓದಿದೋರ ವಿಷಯ. ಕೊಳೆ ದುಡ್ಡು ತನ್ನಷ್ಟಕ್ಕೆ ತಾನು ಬೆಳ್ಳಗಾಗಲ್ಲ. ಅದಕ್ಕೆ ಲೆಕ್ಕ ಬರೆಯೋರು ಬೇಕು, ಪತ್ರ ಬರೆಯೋರು ಬೇಕು, ಕಂಪನಿ ಕಟ್ಟಿಕೊಡೋರು ಬೇಕು, ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ ಅಂತ ಎರಡು ಎಕರೆ ಶುಂಠಿಯಲ್ಲಿ ಅರ್ಧ ಕೋಟಿ ಆದಾಯ ತೋರಿಸೋರು ಬೇಕು. ಅದಕ್ಕೇ ಕಾನೂನು ಒಂದೊಂದಾಗಿ ಅವರ ಕಡೆ ತಿರುಗಿದೆ. 2020ರ ಡಿಸೆಂಬರಿನಲ್ಲಿ ವರ್ಷಕ್ಕೆ 20 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ವಹಿವಾಟಿನ ರಿಯಲ್ ಎಸ್ಟೇಟ್ ಏಜೆಂಟರು ಈ ಕಾಯ್ದೆಯೊಳಗೆ ಬಂದರು. 2023ರ ಮೇ 3ರ ಅಧಿಸೂಚನೆಯಲ್ಲಿ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟರು ಬಂದರು. ಕಕ್ಷಿದಾರರ ಪರವಾಗಿ ಆಸ್ತಿ ಕೊಳ್ಳೋದು ಮಾರೋದು, ಅವರ ಹಣ, ಬ್ಯಾಂಕ್ ಖಾತೆ ನೋಡಿಕೊಳ್ಳೋದು, ಕಂಪನಿ ಅಥವಾ ಟ್ರಸ್ಟು ನಡೆಸೋದು ಮಾಡಿದ್ರೆ ಗ್ರಾಹಕ ಯಾರು ಅಂತ ಪರಿಶೀಲಿಸಬೇಕು, ದಾಖಲೆ ಐದು ವರ್ಷ ಇಡಬೇಕು, ಅನುಮಾನ ಬಂದ್ರೆ ವರದಿ ಮಾಡಬೇಕು. ಮೇ 9ಕ್ಕೆ ಕಂಪನಿ ಹುಟ್ಟುಹಾಕಿಕೊಡೋರೂ, ಬೇರೆಯವರ ಪರವಾಗಿ ಡೈರೆಕ್ಟರ್ ಆಗಿ ಕೂರೋರೂ ಸೇರಿದರು.

ನಾವು ಇಂಜಿನಿಯರುಗಳು ಆ ಪಟ್ಟಿಯಲ್ಲಿಲ್ಲ, ಬಚಾವ್ ಅನ್ಕೋಬೇಡಿ. ಪಟ್ಟಿ ಇರೋದು ವರದಿ ಮಾಡೋ ಹೊಣೆಗೆ. ಅಪರಾಧದ ಕಲಮು 'ಯಾರೇ ಆಗಲಿ' ಅನ್ನುತ್ತೆ. 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಚೆನ್ನೈ ಕಡೆಯ ಪ್ರಕರಣವೊಂದರಲ್ಲಿ ಲಂಚ ಕೊಟ್ಟವನ ಮೇಲೂ ಅಕ್ರಮ ಹಣದ ಕೇಸು ನಡೆಯಬಹುದು ಅಂದಿತು. ಹಣ ಅವನ ಕೈಯಲ್ಲಿರೋವರೆಗೆ ಅದು ಲಂಚವಲ್ಲ, ಹಾಗಾಗಿ ಅವನಿಗೆ ಸಂಬಂಧವಿಲ್ಲ ಅನ್ನೋ ವಾದ ಹೈಕೋರ್ಟಿನಲ್ಲಿ ಗೆದ್ದಿತ್ತು. ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಲಂಚ ಅಂತಲೇ ಕೊಟ್ಟಮೇಲೆ, ಆ ಹಣ ಅಪರಾಧದ ಹಣವಾಗೋಕೆ ನೀನೂ ಕೈ ಜೋಡಿಸಿದ ಹಾಗಾಯ್ತು ಅನ್ನೋದು ಅದರ ಸಾರ.

ನಮ್ಮ ಕ್ಷೇತ್ರದ ಉದಾಹರಣೆಯೇ ಬೇಕಾ? ಕಾಗ್ನಿಜೆಂಟ್. ಚೆನ್ನೈನಲ್ಲಿ ಕ್ಯಾಂಪಸ್ ಕಟ್ಟೋ ಅನುಮತಿಗೆ 20 ಲಕ್ಷ ಡಾಲರ್ ಲಂಚಕ್ಕೆ ಒಪ್ಪಿಗೆ ಕೊಟ್ಟ ಆರೋಪ. 2019ರ ಫೆಬ್ರವರಿಯಲ್ಲಿ ಕಂಪನಿ ಅಮೆರಿಕದ ಷೇರು ನಿಯಂತ್ರಣ ಆಯೋಗಕ್ಕೆ ಸುಮಾರು 2.5 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಇಬ್ಬರು ಮಾಜಿ ಅಧಿಕಾರಿಗಳ ಮೇಲಿದ್ದ ಕ್ರಿಮಿನಲ್ ಕೇಸನ್ನ ಅಮೆರಿಕ ಸರ್ಕಾರ 2025ರಲ್ಲಿ ಕೈಬಿಟ್ಟಿತು. ನನಗೆ ಇದರಲ್ಲಿ ಹಿಡಿಸಿದ್ದು ಹಣ ಬಚ್ಚಿಟ್ಟ ಬಗೆಯ ಬಗ್ಗೆ ಇದ್ದ ಆರೋಪ. ಗುತ್ತಿಗೆದಾರನ ಬಿಲ್ಲಿನಲ್ಲಿ ಹೆಚ್ಚುವರಿ ಕೆಲಸ ಅಂತ ಸುಳ್ಳು ಬಾಬತ್ತು ಸೇರಿಸಿ ತುಂಬಿಕೊಡೋದು. ನನಗೆ ಥಟ್ಟನೆ ನೆನಪಾದದ್ದು ಪತ್ರ ಬರೆಯೋರ ಚೀಟಿ. "ಆಫೀಸ್ ಖರ್ಚು 6,000". ಅಲ್ಲಿ ಡಾಲರು, ಇಲ್ಲಿ ರೂಪಾಯಿ. ಚೀಟಿ ಒಂದೇ.

ಈ ಕಾನೂನಿನ ಪರ ಕಣ್ಣುಮುಚ್ಚಿ ವಾದ ಮಾಡ್ತಿದ್ದೀನಿ ಅಂದುಕೊಳ್ಳಬೇಡಿ. ಇ.ಡಿ. ಕೇಸಿನಲ್ಲಿ ಜಾಮೀನು ಸಿಗೋದು ಬಲು ಕಷ್ಟ, ತಪ್ಪಿತಸ್ಥನಲ್ಲ ಅಂತ ಜಾಮೀನಿನ ಹಂತದಲ್ಲೇ ನ್ಯಾಯಾಧೀಶರಿಗೆ ಅನ್ನಿಸಬೇಕು. ಹಾಕಿದ ಕೇಸೆಲ್ಲ ನಿಲ್ಲೋದೂ ಇಲ್ಲ. ಡಿ.ಕೆ. ಶಿವಕುಮಾರ್ ಮೇಲಿನ 2018ರ ಪ್ರಕರಣವನ್ನ ಸುಪ್ರೀಂ ಕೋರ್ಟು 2024ರ ಮಾರ್ಚ್ 5ರಂದು ರದ್ದು ಮಾಡಿತು. ಪಟ್ಟಿಯ ಅಪರಾಧ ಇಲ್ಲದೆ ಬರೀ ಒಳಸಂಚು ಅಂದ್ರೆ ಸಾಲದು ಅನ್ನೋದು ಅದಕ್ಕೂ ಮೊದಲೇ ಬಂದಿದ್ದ ತೀರ್ಪು. ದೊಡ್ಡೋರ ಮೇಲೆ ರಾಜಕೀಯ, ಚಿಕ್ಕೋರ ಮೇಲೆ ಭಯ ಅನ್ನೋ ದೂರಿನಲ್ಲಿ ಹುರುಳಿದೆ.

ಲಂಚದ ಕಾನೂನಿನ ಮೇಲೂ ನನಗೆ ಒಂದು ತಕರಾರಿದೆ. ಏಳು ದಿನ! ಪೌತಿ ಖಾತೆಗೆ ಅಲೆದು ಸುಸ್ತಾದ ನಮ್ಮಪ್ಪನಂಥೋರು, ಕೊಟ್ಟಮೇಲೆ ಏಳು ದಿನದೊಳಗೆ ಮೈಸೂರಿಗೆ ಹೋಗಿ, ಅದೇ ಇಲಾಖೆಯ ಮೇಲೆ ಬರೆದುಕೊಟ್ಟು, ಮತ್ತೆ ಅದೇ ಕೌಂಟರಿನ ಮುಂದೆ ಕೈಕಟ್ಟಿ ನಿಲ್ಲಬೇಕಾ? ಕೊಡೋನನ್ನೂ ತಗೊಳ್ಳೋನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನ್ನ ಮಟ್ಟಿಗೆ ಅನ್ಯಾಯ.

ಆದ್ರೆ ನನ್ನ ಮೇಲೆ ಅದು ಅನ್ಯಾಯ ಅಲ್ಲ. ಈ ವ್ಯತ್ಯಾಸ ನನಗೆ ತಡವಾಗಿ ಹೊಳೆಯಿತು. ಅಪ್ಪನಿಗೆ ಆ ಆರು ಸಾವಿರ ಬಲವಂತ. ನನಗೆ ಅದು ಅನುಕೂಲ. ನನಗೆ ಕಾನೂನು ಹುಡುಕೋಕೆ ಇಂಟರ್‌ನೆಟ್ ಇತ್ತು, ದೂರು ಬರೆಯೋಕೆ ಭಾಷೆ ಇತ್ತು, ತಿಂಗಳ ಸಂಬಳ ಇತ್ತು, ಖಾತೆ ಆರು ತಿಂಗಳು ತಡವಾದ್ರೂ ಮನೆ ಮುಳುಗ್ತಿರಲಿಲ್ಲ. ನನಗೆ ಇಲ್ಲದಿದ್ದದ್ದು ರಜೆ ಮಾತ್ರ. ಎರಡು ದಿನದ ರಜೆ ಉಳಿಸೋಕೆ ಆರು ಸಾವಿರ ಕೊಟ್ಟೆ, ಆಮೇಲೆ ಅದಕ್ಕೆ ವ್ಯವಸ್ಥೆ ಸರಿ ಇಲ್ಲ ಅಂತ ಹೆಸರಿಟ್ಟೆ. ಕಾನೂನು ಆ ಗೆರೆ ಎಳೆದಿಲ್ಲ. ನಮಗೆ ನಾವೇ ಎಳೆದುಕೊಳ್ಳಬೇಕು. ಓದಿದೋರು, ಸಂಬಳ ಇರೋರು ಬಲವಂತ ಅನ್ನೋ ಪದವನ್ನ ಊರಿನವರಿಂದ ಕಡ ತಗೋಬಾರದು.

ಹಾಗಾದ್ರೆ ಮಾಡೋದೇನು? ನಾನು ಕಲಿತದ್ದು ಇಷ್ಟು.

ಕೇಳಿದಾಗಲೇ, ಕೊಡೋ ಮೊದಲೇ ಹೋಗೋದು. 2016ರಲ್ಲಿ ಎಸಿಬಿ ಮಾಡಿ ಲೋಕಾಯುಕ್ತದ ಹಲ್ಲು ಕಿತ್ತಿದ್ರು. 2022ರ ಆಗಸ್ಟ್ 11ರಂದು ಹೈಕೋರ್ಟು ಎಸಿಬಿಯನ್ನ ರದ್ದು ಮಾಡಿ ಅಧಿಕಾರವನ್ನ ಲೋಕಾಯುಕ್ತ ಪೊಲೀಸರಿಗೆ ವಾಪಸ್ ಕೊಟ್ಟಿತು. ದೂರು ಕೊಟ್ರೆ ಅವರು ನೋಟುಗಳಿಗೆ ಫಿನಾಲ್ಫ್‌ಥಲೀನ್ ಪುಡಿ ಸವರಿ ಕಳಿಸ್ತಾರೆ. ತಗೊಂಡ ಕೈಯನ್ನ ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿದ್ರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಪಿಯುಸಿ ಲ್ಯಾಬಿನ ಪ್ರಯೋಗ, ನೆನಪಿದೆಯಾ :-) ದೂರುದಾರ ಆಮೇಲೆ ತಿರುಗಿಬಿದ್ರೂ ಬೇರೆ ಸಾಕ್ಷ್ಯದಿಂದ ಲಂಚ ಕೇಳಿದ್ದನ್ನ ಸಾಬೀತು ಮಾಡಬಹುದು ಅಂತ 2022ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿದೆ.

ಅಷ್ಟು ದೂರ ಹೋಗೋಕೆ ಆಗದೋರಿಗೆ ಸಕಾಲ ಇದೆ. 2011ರ ಕಾಯ್ದೆ. ಅರ್ಜಿಗೆ ನಂಬರು, ಕೆಲಸಕ್ಕೆ ಗಡುವು. ತಡವಾದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದ್ರೆ 500 ಪರಿಹಾರ. ಮೊತ್ತ ನೋಡಿ ನಗಬೇಡಿ. ನಂಬರು ಇದ್ರೆ ಮೇಲ್ಮನವಿ ಹಾಕಬಹುದು, ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಅಂತ ಕೇಳಬಹುದು.

ನಾವು ಬರೆಯೋ ಸಾಫ್ಟ್‌ವೇರಿಗೂ ಇದರಲ್ಲಿ ಪಾಲಿದೆ. 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನ ಕಂಪ್ಯೂಟರಿಗೆ ಹಾಕಿದ್ರು, ಕೈಬರಹದ ಪಹಣಿ ನಿಂತಿತು, ಆಗ 15 ರೂಪಾಯಿ ಕೊಟ್ರೆ ಕೌಂಟರಿನಲ್ಲಿ ಪ್ರಿಂಟು. ಪಹಣಿಗೆ ಕೈ ಬೆಚ್ಚಗೆ ಮಾಡೋ ಕಾಲ ಅಲ್ಲಿಗೆ ಮುಗಿಯಿತು. ಆದ್ರೆ ಎಲ್ಲಿ ಒಬ್ಬ ಮನುಷ್ಯ ಒಪ್ಪಿಗೆ ಒತ್ತಬೇಕೋ ಅಲ್ಲಿ, ಖಾತೆಯಲ್ಲಿ, ಪೋಡಿಯಲ್ಲಿ, ಮಾಮೂಲು ಉಳಿಯಿತು. ಸಾಫ್ಟ್‌ವೇರು ಒಂದು ಬಾಗಿಲು ಮುಚ್ಚುತ್ತೆ. ಇನ್ನೊಂದು ಬಾಗಿಲಿನ ಮುಂದೆ ದುಡ್ಡು ಹಿಡಿದು ನಿಲ್ಲೋದು ಬಿಡೋದು ನಮ್ಮ ಕೈಲಿದೆ.

ಮೂರನೆಯದು, ಜಮೀನು ಮಾರೋದಿದ್ರೆ ಒಂದೇ ಮಾತು: ಪೂರ್ತಿ ಬೆಲೆ ಪತ್ರದಲ್ಲಿ ಬರೆಯಿರಿ, ಪೂರ್ತಿ ಹಣ ಬ್ಯಾಂಕಿಗೆ ಹಾಕಿ. ನಿಮ್ಮಪ್ಪನಿಗೆ, ಮಾವನಿಗೆ, ದೊಡ್ಡಪ್ಪನಿಗೆ ಈ ಲೆಕ್ಕ ಹೇಳಿಕೊಡಿ. ಪತ್ರ ಬರೆಯೋರು ಹೇಳಲ್ಲ, ದಲ್ಲಾಳಿ ಖಂಡಿತಾ ಹೇಳಲ್ಲ.

ನಾನು ಹೇಳಿದೆ. ಅಪ್ಪ ಎರಡು ದಿನ ಮಾತಾಡಲಿಲ್ಲ. ಆಮೇಲೆ ದಲ್ಲಾಳಿಗೆ ಫೋನ್ ಮಾಡಿ "ಪೂರ್ತಿ ಬರೀತೀರೇನಪ್ಪ" ಅಂದ್ರು. ಬೆಂಗಳೂರಿನವರು ಮತ್ತೆ ಫೋನ್ ಎತ್ತಲಿಲ್ಲ. ಏಳು ತಿಂಗಳು ಕಾದಮೇಲೆ ಪಕ್ಕದ ಊರಿನವರೊಬ್ಬರು ಕೊಂಡರು. 40 ಲಕ್ಷ, ಪತ್ರದಲ್ಲೂ 40, ಖಾತೆಯಲ್ಲೂ 40. ತಂಗಿ ಮದುವೆ ಏಳು ತಿಂಗಳು ಮುಂದಕ್ಕೆ ಹೋಯ್ತು. ಆ ಏಳು ತಿಂಗಳ ಬಡ್ಡಿಯೂ ಬಿತ್ತು. ಅಪ್ಪ ಇವತ್ತಿಗೂ ಅವ್ವನ ಹತ್ರ ನನಗೆ ಕೇಳೋ ಹಾಗೆ ಹೇಳ್ತಾರೆ: "ಇವನ್ನ ಓದ್ಸಿದ್ದಕ್ಕೆ ಐದು ಲಕ್ಷ ದಂಡ ಕಣಮ್ಮಿ." ನಾನು ಉತ್ತರ ಕೊಡಲ್ಲ. ನಷ್ಟ ಆದದ್ದು ನಿಜ, ಕಷ್ಟಪಟ್ಟದ್ದು ಅವರು, ತತ್ವ ನನ್ನದು. ಇದು ನನಗೆ ಇವತ್ತಿಗೂ ಚುಚ್ಚುತ್ತೆ.

ಉಳಿದ ಜಮೀನಿನ ಪೋಡಿಗೆ ಅರ್ಜಿ ಹಾಕಿದ್ದೀವಿ. ಈ ಸಲ ನಾನೇ ರಜೆ ಹಾಕಿ ಹೋಗಿದ್ದೆ, ಚೀಟಿ ಬೇಡ ಅಂದೆ, ಅರ್ಜಿ ನಂಬರು ತಗೊಂಡು ಬಂದೆ. ನಾಲ್ಕು ತಿಂಗಳಾಯ್ತು. ಇನ್ನೂ ಆಗಿಲ್ಲ. ಮೇಲ್ಮನವಿ ಬರೆದು ಇಟ್ಟಿದ್ದೀನಿ, ಸೋಮವಾರ ಕೊಡ್ತೀನಿ. ಭಾನುವಾರ ಫೋನ್ ಮಾಡಿದಾಗಲೆಲ್ಲ ಅಪ್ಪ ಕೇಳ್ತಾರೆ: "ಎಲ್ಲಿಗ್ ಬಂತ್ಲಾ ನಿನ್ನ ಕಾನೂನು?"

ಬರ್ತಾ ಇದೆ ಅಪ್ಪಾಜಿ, ಬಸ್ಸು ಸಿಕ್ಕಿಲ್ಲ ಅಂತೀನಿ. ಆ ಕಡೆಯಿಂದ ನಗು ಕೇಳುತ್ತೆ. ಅಷ್ಟಾದ್ರೂ ಆಯ್ತು.

ನಿಮ್ಮ ಊರಿನಲ್ಲಿ ಹೇಗೆ? ನೂರಕ್ಕೆ ನೂರು ತಗೊಂಡೋರು ಯಾರಾದ್ರೂ ಇದ್ದೀರಾ? ಸುಳ್ಳು ಹೇಳದೆ ಬರೀರಿ.